ಸಾಂಡ್‌ಹೈಮ್ ಅವರ ಎರಡು ದಪ್ಪ ಪುಸ್ತಕ: ಒಂದೇ ಕೊಳ್ಳುವುದಾದರೆ ಮೊದಲನೆಯದು

ಅಮೆರಿಕದ ರಂಗಗೀತೆಕಾರ ಸ್ಟೀಫನ್ ಸಾಂಡ್‌ಹೈಮ್ ಅವರ ಬದುಕಿನ ಕಥೆ ಓದೋಣ ಅಂತ 'ಫಿನಿಶಿಂಗ್ ದ ಹ್ಯಾಟ್' ಕೊಂಡವರಿಗೆ ಮೊದಲಿಗೆ ನಿರಾಸೆ ಆಗುತ್ತದೆ. ಯಾರನ್ನು ಪ್ರೀತಿಸಿದರು, ಯಾರ ಜೊತೆ ಮಾತು ಬಿಟ್ಟರು, ಮನೆಯಲ್ಲಿ ಏನಾಯಿತು ಅನ್ನುವುದಕ್ಕೆಲ್ಲ ಇಲ್ಲಿ ಜಾಗವೇ ಇಲ್ಲ. ಇರುವುದು ಹಾಡುಗಳು. ಒಂದಾದ ಮೇಲೊಂದು ನಾಟಕ, ಅದಕ್ಕೆ ಬರೆದ ಹಾಡುಗಳ ಸಾಹಿತ್ಯ, ರಂಗಕ್ಕೆ ಬರುವ ಮೊದಲೇ ಕತ್ತರಿ ಬಿದ್ದ ಹಾಡುಗಳು, ನಡುನಡುವೆ ಅವರದೇ ಟಿಪ್ಪಣಿ. ಆದರೂ ಒಬ್ಬ ರಂಗಗೀತೆಕಾರನ ಬದುಕನ್ನು ಇಷ್ಟು ಹತ್ತಿರದಿಂದ ತೋರಿಸುವ ಬೇರೆ ಪುಸ್ತಕ ನಾನು ಓದಿಲ್ಲ.

ಮೊದಲ ಸಂಪುಟ ಬಂದದ್ದು 2010ರಲ್ಲಿ, ನಾಫ್ ಪ್ರಕಾಶನದಿಂದ. 1954ರಿಂದ 1981ರವರೆಗಿನ ಹಾಡುಗಳು ಇದರಲ್ಲಿವೆ. ಎರಡನೆಯದು 'ಲುಕ್, ಐ ಮೇಡ್ ಎ ಹ್ಯಾಟ್', 2011ರಲ್ಲಿ ಬಂತು. ಮೊದಲನೆಯದರ ಉಪಶೀರ್ಷಿಕೆಯನ್ನು ಒಮ್ಮೆ ನೋಡಬೇಕು. ಟಿಪ್ಪಣಿ, ತತ್ವ, ಧರ್ಮದ್ರೋಹದ ಮಾತು, ಹಳೇ ಸಿಟ್ಟು, ಗೊಣಗಾಟ, ಪ್ರಸಂಗ, ಎಲ್ಲವೂ ಇದೆ ಅಂತ ರಕ್ಷಾಪುಟದಲ್ಲೇ ಹೇಳಿಕೊಂಡಿದ್ದಾರೆ. ಒಳಗೆ ಹೋದರೆ ಗೊಣಗಾಟದ ಪಾಲು ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ನನಗಂತೂ ಬೇಜಾರಾಗಲಿಲ್ಲ.

ನಾನು ಒಂದು ಹವ್ಯಾಸಿ ತಂಡಕ್ಕೆ ಹಾಡು ಬರೆದುಕೊಡುವವಳು, ಹಾರ್ಮೋನಿಯಂ ನುಡಿಸುವವಳು. ಹಾಗಾಗಿ ಇದನ್ನು ಕಸುಬಿನ ಪುಸ್ತಕ ಅಂತಲೇ ಓದಿದೆ. ಆ ಲೆಕ್ಕದಲ್ಲೇ ಈ ವಿಮರ್ಶೆ.

ಸಾಂಡ್‌ಹೈಮ್ ಯಾರು ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. 1930ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. 2021ರ ನವೆಂಬರ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಬ್ರಾಡ್‌ವೇ, ಅಂದರೆ ನ್ಯೂಯಾರ್ಕ್‌ನ ದೊಡ್ಡ ವೃತ್ತಿ ರಂಗಭೂಮಿಯ ನಾಟಕಗಳಿಗೆ ಮೊದಲು ಬರೀ ಸಾಹಿತ್ಯ ಬರೆದರು. ಆಮೇಲೆ ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಮಾಡಿದರು. ಅವರ ಹಾಡು ಕಥೆಯನ್ನು ನಿಲ್ಲಿಸುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ನಮ್ಮ ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು 'ವನ್ಸ್ ಮೋರ್' ಅಂದರೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೆ ಹಾಡುತ್ತಿತ್ತಂತೆ. ಆ ಮಜಾ ಬೇರೆ. ಸಾಂಡ್‌ಹೈಮ್ ಹಾಡಿಗೆ ವನ್ಸ್ ಮೋರ್ ಕೂಗುವುದು ಕಷ್ಟ. ಹಾಡು ಮುಗಿಯುವ ಹೊತ್ತಿಗೆ ಆ ಪಾತ್ರ ಮೊದಲಿದ್ದ ಜಾಗದಲ್ಲೇ ಇರುವುದಿಲ್ಲ.

ಅವರ ಗುರು ಬ್ರಾಡ್‌ವೇಯ ಹೆಸರಾಂತ ಗೀತಕಾರ ಆಸ್ಕರ್ ಹ್ಯಾಮರ್‌ಸ್ಟೈನ್. ಅಪ್ಪ-ಅಮ್ಮ ಬೇರೆಯಾದ ಮೇಲೆ ಹುಡುಗ ತಾಯಿಯ ಜೊತೆ ಪೆನ್ಸಿಲ್ವೇನಿಯಾದ ಹಳ್ಳಿಗಾಡಿಗೆ ಬಂದ. ಹತ್ತಿರದಲ್ಲೇ ಹ್ಯಾಮರ್‌ಸ್ಟೈನ್ ಅವರ ಮನೆ. ಅವರ ಮಗ ಇವನ ಗೆಳೆಯ. ಶಾಲೆಯಲ್ಲಿದ್ದಾಗ ಬರೆದ ಒಂದು ನಾಟಕವನ್ನು ತೆಗೆದುಕೊಂಡು ಹೋಗಿ, ನಾನು ಯಾರೋ ಗೊತ್ತಿಲ್ಲ ಅಂದುಕೊಂಡು ಓದಿ ಹೇಳಿ ಅಂತ ಕೇಳಿದನಂತೆ. ಹಾಗಾದರೆ ನಾನು ಓದಿದ್ದರಲ್ಲೇ ಇದು ಅತಿ ಕೆಟ್ಟದ್ದು ಅಂದರಂತೆ ಅವರು. ಪ್ರತಿಭೆ ಇಲ್ಲ ಅಂತ ಹೇಳುತ್ತಿಲ್ಲ, ಯಾಕೆ ಕೆಟ್ಟದು ಅಂತ ಹೇಳುತ್ತೇನೆ ಕೂತುಕೋ ಅಂತ, ಮೊದಲ ಸಾಲಿನಿಂದ ಶುರುಮಾಡಿ ಇಡೀ ಮಧ್ಯಾಹ್ನ ಪಾಠ ಮಾಡಿದರು.

ಆಮೇಲೆ ನಾಲ್ಕು ನಾಟಕ ಬರೆಯುವ ಕೆಲಸ ಕೊಟ್ಟರು. ಮೊದಲನೆಯದಕ್ಕೆ ನಿನಗೆ ತುಂಬಾ ಇಷ್ಟವಾದ ಒಂದು ನಾಟಕವನ್ನು ತೆಗೆದುಕೊಂಡು ಹಾಡಿನ ನಾಟಕ ಮಾಡು. ಎರಡನೆಯದಕ್ಕೆ ಇಷ್ಟವಾದರೂ ಎಲ್ಲೋ ಕೈಕೊಟ್ಟಿದೆ ಅನ್ನಿಸುವ ನಾಟಕ ತೆಗೆದುಕೊ, ಸರಿಮಾಡು. ಮೂರನೆಯದು ಯಾರೂ ನಾಟಕ ಮಾಡದ ಕಥೆಯಿಂದ. ನಾಲ್ಕನೆಯದು ಪೂರ್ತಿ ನಿನ್ನದೇ. ಎಷ್ಟು ಚೆನ್ನಾಗಿರುವ ಪಠ್ಯಕ್ರಮ ಅಲ್ವಾ? ಎರಡನೇ ಪಾಠ ನನಗೆ ತುಂಬಾ ಹಿಡಿಸಿತು. ಒಳ್ಳೆಯದನ್ನು ನೋಡಿ ಕಲಿಯುವುದು ಎಲ್ಲರಿಗೂ ಗೊತ್ತು. ಅರ್ಧ ಕೆಟ್ಟದ್ದನ್ನು ರಿಪೇರಿ ಮಾಡುತ್ತಾ ಕಲಿ ಅನ್ನುವ ಗುರುಗಳು ಕಡಿಮೆ.

ಇಂಥ ಗುರುವನ್ನೂ ಶಿಷ್ಯ ಪುಸ್ತಕದಲ್ಲಿ ಬಿಟ್ಟಿಲ್ಲ. ಹ್ಯಾಮರ್‌ಸ್ಟೈನ್ ಹಾಡುಗಳಲ್ಲಿ ಹಕ್ಕಿಗಳು ಜಾಸ್ತಿ ಅಂತ ಕಾಲೆಳೆಯುತ್ತಾರೆ. ಪ್ರಾರ್ಥನೆ ಕಲಿಯುತ್ತಿರುವ ಹಕ್ಕಿ ಅನ್ನುವ ಒಂದು ಉಪಮೆಯನ್ನು ಹಿಡಿದು, ಹಕ್ಕಿ ಪ್ರಾರ್ಥನೆ ಕಲಿಯುತ್ತಿದೆ ಅಂತ ನೋಡಿದವರಿಗೆ ಹೇಗೆ ಗೊತ್ತಾಗಬೇಕು ಅಂತ ಕೇಳುತ್ತಾರೆ. ಓದಿ ಜೋರಾಗಿ ನಕ್ಕೆ. ಬೇರೆ ಗೀತಕಾರರ ಬಗ್ಗೆ ಬರೆಯುವಾಗ ಅವರದೊಂದು ನಿಯಮ: ತೀರಿಕೊಂಡವರನ್ನು ಮಾತ್ರ ಟೀಕಿಸುವುದು, ಬದುಕಿರುವವರ ಪೈಕಿ ತಮ್ಮನ್ನು ಮಾತ್ರ. ಲೊರೆಂಜ್ ಹಾರ್ಟ್ ಅವರಿಗಂತೂ ಚೆನ್ನಾಗಿ ಬೀಳುತ್ತದೆ. ಪ್ರಾಸಕ್ಕೋಸ್ಕರ ಮಾತನ್ನು ತಿರುಚುತ್ತಾನೆ, ಸೋಮಾರಿ ಅಂತ. ನೋಯೆಲ್ ಕವರ್ಡ್, ಗಿಲ್ಬರ್ಟ್ ಇವರಿಗೂ ಏಟಿದೆ. ಹಾರ್ಟ್ ವಿಷಯದಲ್ಲಿ ಇದು ಜಾಸ್ತಿಯಾಯಿತು ಅಂತ ನನಗೆ ಅನ್ನಿಸಿತು. ಆ ಮನುಷ್ಯನ ಹಾಡುಗಳಲ್ಲಿ ಒಂದು ಬಗೆಯ ಸಂಕಟ ಇದೆ. ವ್ಯಾಕರಣ ಸರಿಯಿಲ್ಲ ಅಂತ ಅದು ಕಡಿಮೆ ಆಗುವುದಿಲ್ಲ. ಡೊರೊತಿ ಫೀಲ್ಡ್ಸ್, ಫ್ರಾಂಕ್ ಲೆಸ್ಸರ್ ಅವರನ್ನು ಮಾತ್ರ ಬಾಯ್ತುಂಬ ಹೊಗಳಿದ್ದಾರೆ.

ತಮ್ಮನ್ನೇ ತಾವು ಬೈದುಕೊಳ್ಳುವಾಗ ಪುಸ್ತಕಕ್ಕೆ ನಿಜವಾದ ಕಳೆ ಬರುತ್ತದೆ. 1957ರ 'ವೆಸ್ಟ್ ಸೈಡ್ ಸ್ಟೋರಿ'ಗೆ ಸಾಹಿತ್ಯ ಬರೆದಾಗ ಅವರಿಗೆ ಇನ್ನೂ ಮೂವತ್ತೂ ತುಂಬಿರಲಿಲ್ಲ. ಸಂಗೀತ ಲೆನರ್ಡ್ ಬರ್ನ್‌ಸ್ಟೈನ್ ಅವರದು, ನಿರ್ದೇಶನ ಜೆರೋಮ್ ರಾಬಿನ್ಸ್, ನಾಟಕ ಬರೆದವರು ಆರ್ಥರ್ ಲಾರೆಂಟ್ಸ್. ಅದರ ಹಾಡುಗಳು ಜಗತ್ತಿಗೆಲ್ಲ ಇಷ್ಟ. ಬರೆದವರಿಗೆ ಮಾತ್ರ ಅವುಗಳ ಬಗ್ಗೆ ಮುಜುಗರ. 'ಐ ಫೀಲ್ ಪ್ರೆಟಿ' ಹಾಡನ್ನು ಹಾಡುವ ಮರಿಯಾ ಪೋರ್ಟೊರಿಕೊದಿಂದ ಈಗಷ್ಟೇ ನ್ಯೂಯಾರ್ಕ್‌ಗೆ ಬಂದ ಬಡ ಹುಡುಗಿ. ಅವಳ ಬಾಯಲ್ಲಿ ಸಾಲಿನ ಒಳಗೂ ಹೊರಗೂ ಪ್ರಾಸ ಕುಣಿಯುತ್ತದೆ. ಲಂಡನ್ನಿನ ದೊಡ್ಡ ಮನೆಯ ದಿವಾನಖಾನೆಯಲ್ಲಿ ಕೂತು ಮಾತಾಡುವವಳ ಹಾಗಿದೆ ಅನ್ನುತ್ತಾರೆ ಸಾಂಡ್‌ಹೈಮ್. ತಾಲೀಮು ನೋಡಲು ಬಂದಿದ್ದ ಗೀತಕಾರ ಶೆಲ್ಡನ್ ಹಾರ್ನಿಕ್ ಇದನ್ನು ಎತ್ತಿ ತೋರಿಸಿದರು. ಸಾಂಡ್‌ಹೈಮ್ ತಕ್ಷಣ ಕೂತು ಸರಳವಾಗಿ ಬೇರೆ ಬರೆದರು. ತಂಡದವರು ಅದನ್ನು ಒಪ್ಪಲೇ ಇಲ್ಲ. ಹಳೆಯದೇ ಉಳಿಯಿತು, ಅದೇ ಪ್ರಸಿದ್ಧವಾಯಿತು. ಅವರಿಗೆ ಅದನ್ನು ಕೇಳುವಾಗಲೆಲ್ಲ ಮೈ ಮುದುಡುತ್ತಿತ್ತು.

ಅದೇ ನಾಟಕದ 'ಅಮೆರಿಕ' ಹಾಡಿನಲ್ಲಿ ಒಂದು ಸಾಲು ಅಷ್ಟು ವೇಗದಲ್ಲಿ ಓಡುತ್ತದೆಂದರೆ, ವ್ಯಂಜನಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಏನು ಹಾಡಿದರು ಅಂತಲೇ ತಿಳಿಯುವುದಿಲ್ಲ. ಅದನ್ನೂ ಬರೆದುಕೊಂಡಿದ್ದಾರೆ. ಇಲ್ಲಿ ನಾನು ಪುಸ್ತಕ ಮುಚ್ಚಿ ನಮ್ಮ ತಂಡದ ಹಾಡುಗಳ ಕಡತ ತೆಗೆದೆ. ವೇಗದ ಮಟ್ಟಿಗೆ ಒತ್ತಕ್ಷರ ತುಂಬಿದ ಪದ ಕೂರಿಸಿದರೆ ನಟರ ನಾಲಿಗೆ ಹೊರಳುವುದಿಲ್ಲ. ಆಗ ನಟರನ್ನು ಬೈಯುತ್ತೇವೆ. ಬೈಸಿಕೊಳ್ಳಬೇಕಾದದ್ದು ಹಾಡು ಬರೆದವರು.

ಆ ನಾಟಕದ ಇನ್ನೊಂದು ಪ್ರಸಂಗ. ಆರಂಭದಲ್ಲಿ ಸಾಹಿತ್ಯಕ್ಕೆ ಬರ್ನ್‌ಸ್ಟೈನ್ ಹೆಸರೂ ಇತ್ತು. ಸಾಂಡ್‌ಹೈಮ್ ಹೆಸರನ್ನು ಯಾರೂ ಗಮನಿಸುತ್ತಿಲ್ಲ ಅಂತ ಬರ್ನ್‌ಸ್ಟೈನ್ ದೊಡ್ಡ ಮನಸ್ಸು ಮಾಡಿ ತಮ್ಮ ಹೆಸರು ತೆಗೆಸಿದರು. ಗೌರವಧನದ ಪಾಲನ್ನೂ ಬದಲಿಸೋಣ ಅಂದರಂತೆ. ಹುಡುಗ ಖುಷಿಯಲ್ಲಿ, ಹೆಸರಿದ್ದರೆ ಸಾಕು, ದುಡ್ಡು ಬೇಡ ಅಂದುಬಿಟ್ಟ. ಆಗ ಯಾರಾದರೂ ನನ್ನ ಬಾಯಿ ಮುಚ್ಚಿಸಬಾರದಿತ್ತೇ ಅಂತ ಮುದುಕರಾದ ಮೇಲೂ ಕೊರಗುತ್ತಿದ್ದರು. ಕಲಾವಿದರು ದುಡ್ಡಿನ ವಿಷಯ ಮಾತಾಡಬಾರದು ಅನ್ನುವವರಿಗೆ ಇದನ್ನು ಓದಿಸಬೇಕು.

ಪ್ರಾಸದ ವಿಷಯಕ್ಕೆ ಬಂದರೆ ಈ ಮಹಾರಾಯರು ಮಹಾ ಕಟ್ಟುನಿಟ್ಟು. ಅರ್ಧಂಬರ್ಧ ಹೊಂದುವ ಪ್ರಾಸ ಅವರಿಗೆ ಆಗಿಬರುವುದಿಲ್ಲ. ಸ್ವರ ಒಂದೇ ಇದ್ದು ಕೊನೆಯ ವ್ಯಂಜನ ಬೇರೆಯಾದರೆ ಅದು ಪ್ರಾಸವೇ ಅಲ್ಲ. ಪಾಪ್ ಹಾಡುಗಳಲ್ಲಿ ನಡೆಯುತ್ತದೆ, ರಂಗದಲ್ಲಿ ನಡೆಯಬಾರದು. ಕಾರಣ ಕೇಳಿದರೆ ಒಪ್ಪಬೇಕು ಅನ್ನಿಸುತ್ತದೆ. ರಂಗದಲ್ಲಿ ಪ್ರೇಕ್ಷಕರಿಗೆ ಹಾಡು ಒಂದೇ ಸಲ ಕೇಳಿಸುತ್ತದೆ. ಪುಟ ಹಿಂದಕ್ಕೆ ತಿರುಗಿಸುವ ಹಾಗಿಲ್ಲ. ಜೊತೆಗೆ ವಾದ್ಯ, ಬೆಳಕು, ಕುಣಿತ. ಇಷ್ಟರ ನಡುವೆ ಪದ ಕಿವಿಗೆ ಬೀಳಬೇಕಾದರೆ ಪ್ರಾಸ ಸರಿಯಾಗಿ ಕೂರಬೇಕು. ಕಿವಿ ಒಂದು ಸದ್ದಿಗೆ ಕಾಯುತ್ತಿರುತ್ತದೆ, ಅದೇ ಸದ್ದು ಬಂದರೆ ಪದ ಸಿಗುತ್ತದೆ.

ಈ ನಿಯಮವನ್ನು ಕನ್ನಡಕ್ಕೆ ಹಾಗೇ ತಂದರೆ ಕೆಲಸ ಕೆಡುತ್ತದೆ. ಇಂಗ್ಲಿಷಿನಲ್ಲಿ ಪ್ರಾಸ ಹುಡುಕುವುದು ಕಷ್ಟ, ಅದಕ್ಕೇ ಸಿಕ್ಕಾಗ ಮಜಾ. ನಮ್ಮಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಬಂದನು, ನಿಂದನು, ತಂದನು ಅಂತ ಸುಮ್ನೆ ಬರೆದರೂ ಪ್ರಾಸ ಆಗಿಬಿಡುತ್ತದೆ. ಕಷ್ಟಪಡದೆ ಸಿಕ್ಕಿದ್ದಕ್ಕೆ ಕಿವಿ ಬೆಲೆ ಕೊಡುವುದಿಲ್ಲ. ಹಳೇ ಕವಿಗಳು ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟದ್ದು ಇದಕ್ಕೇ ಇರಬೇಕು ಅಂತ ನನ್ನ ಅನುಮಾನ. ಸಾಂಡ್‌ಹೈಮ್ ನಿಯಮ ನಮಗೆ ಬೇಡ. ನಿಯಮದ ಹಿಂದಿನ ಲೆಕ್ಕ ಬೇಕು: ಕಿವಿ ಎಲ್ಲಿ ಕಾಯುತ್ತದೆ, ಅಲ್ಲಿ ಏನು ಕೊಡುತ್ತೀಯ?

ಅವರ ದೊಡ್ಡ ತತ್ವಗಳು ಮೂರೇ. ಏನು ಹೇಳಬೇಕೋ ಅದೇ ಹಾಡಿನ ಆಕಾರವನ್ನು ತೀರ್ಮಾನಿಸಬೇಕು. ಕಡಿಮೆ ಇದ್ದಷ್ಟೂ ಒಳ್ಳೆಯದು. ದೇವರು ಇರುವುದು ಸಣ್ಣ ಸಣ್ಣ ವಿವರಗಳಲ್ಲಿ. ಮೂರೂ ಸೇರಿ ಸ್ಪಷ್ಟತೆಯ ಸೇವೆ ಮಾಡಬೇಕು. ಇಷ್ಟನ್ನು ಯಾವ ಕಾರ್ಯಾಗಾರದಲ್ಲೂ ಹೇಳಿಕೊಡುತ್ತಾರೆ. ಅದು ನಾಟಕದಿಂದ ನಾಟಕಕ್ಕೆ ಹೇಗೆ ನಡೆಯಿತು ಅಂತ ತೋರಿಸುವುದು ಈ ಪುಸ್ತಕದ ಶಕ್ತಿ.

1962ರ 'ಎ ಫನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಂ' ತೆಗೆದುಕೊಳ್ಳಿ. ರೋಮನ್ ಕಾಲದ ಪೋಲಿ ಹಾಸ್ಯ ನಾಟಕ. ಬ್ರಾಡ್‌ವೇಗೆ ಬರುವ ಮೊದಲು ಬೇರೆ ಊರಿನಲ್ಲಿ ಪ್ರಯೋಗ ನಡೆಯುತ್ತಿತ್ತು, ಜನ ನಗುತ್ತಲೇ ಇರಲಿಲ್ಲ. ರಾಬಿನ್ಸ್ ಬಂದು ನೋಡಿ, ತಪ್ಪಿರುವುದು ಮೊದಲ ಹಾಡಿನಲ್ಲಿ ಅಂದರು. ಅದು ಪ್ರೇಮದ ಬಗ್ಗೆ ನಯವಾದ ಹಾಡು. ಜನ ನಯವಾದ ನಾಟಕಕ್ಕೆ ಸಿದ್ಧರಾಗಿ ಕೂತಿದ್ದರು. ಇದು ಹುಚ್ಚಾಟದ ನಾಟಕ ಅಂತ ಮೊದಲೇ ಹೇಳಿ ಅಂದರು. 'ಕಾಮಿಡಿ ಟುನೈಟ್' ಬಂತು, ಬಾಕಿ ನಾಟಕ ಹೆಚ್ಚುಕಡಿಮೆ ಹಾಗೇ ಇದ್ದರೂ ಸಭಾಂಗಣ ನಗತೊಡಗಿತು. 964 ಪ್ರಯೋಗ ಕಂಡಿತು. ನಾಂದಿ ಹಾಡನ್ನು ಕಾಟಾಚಾರಕ್ಕೆ ಬರೆಯುವ ನನ್ನಂಥವರು ಈ ಅಧ್ಯಾಯವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಇನ್ನೊಂದು, 1973ರ 'ಎ ಲಿಟಲ್ ನೈಟ್ ಮ್ಯೂಸಿಕ್'. ಬಹುತೇಕ ಇಡೀ ನಾಟಕ ವಾಲ್ಟ್ಸ್ ನಡೆಯಲ್ಲಿ, ಅಂದರೆ ಮೂರರ ಲೆಕ್ಕದಲ್ಲಿ ಸಾಗುತ್ತದೆ. ಅದರ ನಟಿ ಗ್ಲಿನಿಸ್ ಜಾನ್ಸ್ ಅವರದು ಸಣ್ಣ, ಮುದ್ದಾದ ಗಂಟಲು. ಸ್ವರವನ್ನು ಎಳೆದು ನಿಲ್ಲಿಸಲು ಆಗುತ್ತಿರಲಿಲ್ಲ. ತಾಲೀಮು ನಡೆಯುತ್ತಿದ್ದಾಗ ಅವರಿಗೆ ಒಂದು ಹಾಡು ಬೇಕಾಯಿತು. ಸಾಂಡ್‌ಹೈಮ್ ಚಿಕ್ಕಚಿಕ್ಕ ತುಣುಕುಗಳಲ್ಲಿ, ಪ್ರಶ್ನೆ ಕೇಳಿ ನಿಲ್ಲುವ ಹಾಗೆ, ಉಸಿರಿಗೆ ಜಾಗ ಬಿಟ್ಟು 'ಸೆಂಡ್ ಇನ್ ದ ಕ್ಲೌನ್ಸ್' ಬರೆದುಕೊಟ್ಟರು. ಜೂಡಿ ಕಾಲಿನ್ಸ್ ಹಾಡಿದ ಮೇಲೆ ಅದಕ್ಕೆ 1976ರಲ್ಲಿ ವರ್ಷದ ಹಾಡು ಅಂತ ಗ್ರ್ಯಾಮಿ ಬಂತು. ಅವರ ಹಾಡುಗಳಲ್ಲಿ ಎಲ್ಲಕ್ಕಿಂತ ಜನಪ್ರಿಯವಾದದ್ದು ಹುಟ್ಟಿದ್ದು ಒಬ್ಬ ನಟಿಯ ಉಸಿರಿನ ಮಿತಿಯಿಂದ. ಇರುವ ಗಂಟಲಿಗೆ ಬರೆ ಅಂತ ಹಿರಿಯ ಹಾರ್ಮೋನಿಯಂ ಮಾಸ್ತರರೂ ಹೇಳುತ್ತಿದ್ದರು. ಹೇಳುವುದು ಸುಲಭ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ 1976ರ 'ಪೆಸಿಫಿಕ್ ಓವರ್ಚರ್ಸ್'. 1853ರಲ್ಲಿ ಅಮೆರಿಕದ ಹಡಗುಗಳು ಜಪಾನಿಗೆ ಬಂದು ಬಾಗಿಲು ತೆರೆಸಿದ ಕಥೆ, ಜಪಾನೀಯರ ಕಡೆಯಿಂದ ಹೇಳಿದ್ದು. ಒಪ್ಪಂದದ ಮಾತುಕತೆ ಒಂದು ಮನೆಯೊಳಗೆ ನಡೆಯುತ್ತದೆ. ಜಪಾನಿನ ಕಡೆಯವರು ಬರೆದಿಟ್ಟ ದಾಖಲೆ ಇಲ್ಲ. ಮರ ಹತ್ತಿ ಕೂತಿದ್ದ ಹುಡುಗ ನೋಡಿದ್ದಾನೆ, ಆದರೆ ಅವನಿಗೆ ಮಾತು ಕೇಳಿಸಿಲ್ಲ. ನೆಲದಡಿ ಅಡಗಿದ್ದ ಸೈನಿಕನಿಗೆ ಕೇಳಿಸಿದೆ, ಆದರೆ ಏನೂ ಕಂಡಿಲ್ಲ. ಆ ಹುಡುಗ ಈಗ ಮುದುಕ, ನೆನಪು ಮಾಡಿಕೊಳ್ಳುತ್ತಿದ್ದಾನೆ. ಪಕ್ಕದಲ್ಲೇ ಹುಡುಗನಾಗಿಯೂ ಇದ್ದಾನೆ. ಇಷ್ಟೂ ಒಂದೇ ಹಾಡಿನಲ್ಲಿ. ತಾವು ಬರೆದದ್ದರಲ್ಲಿ 'ಸಮ್‌ವನ್ ಇನ್ ಎ ಟ್ರೀ' ತಮಗೆ ಅಚ್ಚುಮೆಚ್ಚು ಅಂತ ಸಾಂಡ್‌ಹೈಮ್ ಹೇಳುತ್ತಿದ್ದರು. ಪದಗಳು ತೀರಾ ಸಾದಾ. ಪ್ರಾಸದ ಕಸರತ್ತು ಇಲ್ಲವೇ ಇಲ್ಲ. ಪ್ರಾಸದಲ್ಲಿ ಇಷ್ಟು ಪಳಗಿದ ಕೈ ಅದನ್ನು ಕೆಳಗಿಟ್ಟು ಬರೆದದ್ದು ಅಂತ ಗೊತ್ತಿದ್ದಾಗ ಓದುವ ಸುಖವೇ ಬೇರೆ.

ಸೋಲಿನ ಲೆಕ್ಕವನ್ನೂ ಮುಚ್ಚಿಟ್ಟಿಲ್ಲ. 1964ರ 'ಎನಿವನ್ ಕ್ಯಾನ್ ವಿಸಲ್' ಒಂಬತ್ತೇ ಪ್ರಯೋಗಕ್ಕೆ ನಿಂತಿತು. 1981ರ 'ಮೆರಿಲಿ ವಿ ರೋಲ್ ಅಲಾಂಗ್' ಹದಿನಾರಕ್ಕೆ. ಮೂವರು ಗೆಳೆಯರ ಕಥೆ, ಕೊನೆಯಿಂದ ಹಿಂದಕ್ಕೆ ಹೇಳುತ್ತಾ ಹೋಗುತ್ತದೆ. 'ಕಂಪನಿ', 'ಫಾಲೀಸ್', 'ಸ್ವೀನಿ ಟಾಡ್' ಎಲ್ಲವನ್ನೂ ಜೊತೆಯಲ್ಲಿ ಕಟ್ಟಿದ ನಿರ್ದೇಶಕ ಹಾಲ್ ಪ್ರಿನ್ಸ್ ಅವರ ಸಂಗ ಆ ಸೋಲಿನೊಂದಿಗೆ ಬಹಳ ವರ್ಷ ಕಡಿದುಹೋಯಿತು. ಮೊದಲ ಸಂಪುಟ ಸರಿಯಾಗಿ ಇಲ್ಲಿಗೆ ನಿಲ್ಲುತ್ತದೆ. ಅದೇ ನಾಟಕ 2023ರಲ್ಲಿ ಬ್ರಾಡ್‌ವೇಗೆ ಮರಳಿ, 2024ರಲ್ಲಿ ಅತ್ಯುತ್ತಮ ಮರುಪ್ರಯೋಗಕ್ಕೆ ಬ್ರಾಡ್‌ವೇಯ ದೊಡ್ಡ ಪ್ರಶಸ್ತಿಯಾದ ಟೋನಿ ಪಡೆಯಿತು. ನೋಡಲು ಅವರು ಇರಲಿಲ್ಲ.

ಎರಡನೇ ಸಂಪುಟದಲ್ಲಿ ನಾಟಕಕಾರ, ನಿರ್ದೇಶಕ ಜೇಮ್ಸ್ ಲಪೈನ್ ಜೊತೆಗಿನ ಕೆಲಸ ಶುರು. 1984ರ 'ಸಂಡೇ ಇನ್ ದ ಪಾರ್ಕ್ ವಿತ್ ಜಾರ್ಜ್' ಚಿತ್ರಕಾರ ಜಾರ್ಜ್ ಸೂರಾ ಅವರ ಒಂದು ದೊಡ್ಡ ಚಿತ್ರದಿಂದ ಹುಟ್ಟಿದ ನಾಟಕ. ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಎರಡೂ ಪುಸ್ತಕದ ಹೆಸರು ಬಂದದ್ದು ಅದರ ಒಂದು ಹಾಡಿನಿಂದಲೇ. ಆ ಅಧ್ಯಾಯವೂ 'ಇಂಟು ದ ವುಡ್ಸ್' ಅಧ್ಯಾಯವೂ ಮೊದಲ ಸಂಪುಟದ ಮಟ್ಟದಲ್ಲೇ ಇವೆ. ಆಮೇಲೆ ಪುಸ್ತಕ ಸೊರಗುತ್ತದೆ. ಒಂದೇ ನಾಟಕವನ್ನು 'ವೈಸ್ ಗೈಸ್', 'ಬೌನ್ಸ್', ಕೊನೆಗೆ 2008ರಲ್ಲಿ 'ರೋಡ್ ಶೋ' ಅಂತ ಹೆಸರು ಬದಲಿಸುತ್ತಾ ವರ್ಷಗಟ್ಟಲೆ ತಿದ್ದಿದರು. ಅದರ ಒಂದೊಂದು ಅವತಾರದ ಹಾಡುಗಳನ್ನೂ ಇಲ್ಲಿ ಹಾಕಿದ್ದಾರೆ. ಸಂಶೋಧಕರಿಗೆ ಹಬ್ಬ ಇರಬಹುದು. ನನಗೆ ಆಕಳಿಕೆ ಬಂತು. ಕಡಿಮೆ ಇದ್ದಷ್ಟೂ ಒಳ್ಳೆಯದು ಅಂದವರು ಇವರೇ ತಾನೇ? ಸಿನಿಮಾಕ್ಕೆ, ಟಿವಿಗೆ, ಗೆಳೆಯರ ಹುಟ್ಟುಹಬ್ಬಕ್ಕೆ ಬರೆದ ಚಿಲ್ಲರೆ ಹಾಡುಗಳೂ ಸೇರಿವೆ. ವಿಮರ್ಶಕರ ಬಗ್ಗೆ, ಪ್ರಶಸ್ತಿಗಳ ಬಗ್ಗೆ ಇರುವ ಚಿಕ್ಕ ಪ್ರಬಂಧಗಳು ಮಾತ್ರ ಖಾರವಾಗಿವೆ, ತಪ್ಪಿಸಬೇಡಿ.

ಈಗ ದೂರುಗಳು. ಸ್ವರಲಿಪಿ ಇಲ್ಲ. ಹಾಡಿನ ಸಾಹಿತ್ಯ ಬೇರೆ, ಕವಿತೆ ಬೇರೆ, ಸಂಗೀತವಿಲ್ಲದೆ ಸಾಹಿತ್ಯ ಒಣಗಿ ಕಾಣುತ್ತದೆ ಅಂತ ಪೀಠಿಕೆಯಲ್ಲಿ ಅವರೇ ಹೇಳುತ್ತಾರೆ. ಹೇಳಿದ ಮೇಲೆ ನೂರಾರು ಪುಟ ಬರೀ ಸಾಹಿತ್ಯವನ್ನೇ ಕೊಡುತ್ತಾರೆ. ಹಾಡು ಕೇಳದೆ ಓದಲು ಕೂತರೆ ಹತ್ತು ಪುಟ ದಾಟುವುದು ಕಷ್ಟ. ಪುಸ್ತಕದ ಗಾತ್ರವೂ ದೊಡ್ಡದು, ಹಾಸಿಗೆಯಲ್ಲಿ ಮಲಗಿ ಓದಿದರೆ ಕೈ ನೋಯುತ್ತದೆ. ತಮಾಷೆ ಅಂದರೆ ಅವರು ಬರೆಯುತ್ತಿದ್ದದ್ದೇ ಸೋಫಾದ ಮೇಲೆ ಮಲಗಿ. ಹಳದಿ ಕಾಗದದ ಪ್ಯಾಡು, ಬ್ಲ್ಯಾಕ್‌ವಿಂಗ್ ಪೆನ್ಸಿಲ್. ಸೀಸ ಮೆತ್ತಗಿರುವುದರಿಂದ ಬೇಗ ಸವೆಯುತ್ತದೆ, ಅದನ್ನು ಚೂಪು ಮಾಡುವ ನೆಪದಲ್ಲಿ ಬರೆಯುವುದನ್ನು ಮುಂದೂಡಬಹುದು ಅಂತ ಅವರ ಲೆಕ್ಕ. ಕೈಬರಹದ ಹಾಳೆಗಳ ಚಿತ್ರಗಳು ಪುಸ್ತಕದಲ್ಲಿವೆ. ಒಂದು ಸಾಲಿಗೆ ಅಂಚಿನ ತುಂಬ ಬದಲಿ ಪದಗಳು, ಹೊಡೆದುಹಾಕಿದ ಗೆರೆಗಳು. ಅವು ಇನ್ನಷ್ಟು ಬೇಕಿತ್ತು. 'ರೋಡ್ ಶೋ' ಪುಟಗಳನ್ನು ಕಿತ್ತು ಇವನ್ನು ಹಾಕಿದ್ದರೆ ನಾನು ಜಾಸ್ತಿ ದುಡ್ಡು ಕೊಡುತ್ತಿದ್ದೆ.

ಖಾಸಗಿ ಬದುಕು ಬೇಕೇಬೇಕು ಅನ್ನುವವರು ಮೆರಿಲ್ ಸೀಕ್ರೆಸ್ಟ್ 1998ರಲ್ಲಿ ಬರೆದ ಜೀವನಚರಿತ್ರೆ ನೋಡಿ. ತಾಯಿಯ ಜೊತೆಗಿನ ಕಹಿ ಸಂಬಂಧದ ವಿವರ ಅಲ್ಲಿದೆ.

ರಂಗಗೀತೆ ಬರೆಯುವವರು, ನಿರ್ದೇಶಕರು, ಹಾಡು ಹೇಗೆ ಕಟ್ಟುತ್ತಾರೆ ಅಂತ ಕುತೂಹಲ ಇರುವವರು ಮೊದಲ ಸಂಪುಟವನ್ನು ಕೊಳ್ಳಲೇಬೇಕು. ಕೊಂಡ ತಕ್ಷಣ ಮೊದಲ ಪುಟದಿಂದ ಶುರುಮಾಡಬೇಡಿ. 'ಸ್ವೀನಿ ಟಾಡ್'ನ 1979ರ ಮೂಲ ತಂಡದ ಧ್ವನಿಮುದ್ರಣ ಹಾಕಿಕೊಳ್ಳಿ, ಆಂಜೆಲಾ ಲ್ಯಾನ್ಸ್‌ಬರಿ ಮತ್ತು ಲೆನ್ ಕಾರಿಯು ಹಾಡಿದ್ದು. ಸೇಡಿನ ಕ್ಷೌರಿಕನೂ ಕಡುಬಿನಂಗಡಿಯವಳೂ ಯಾವ ಯಾವ ಕಸುಬಿನವರ ಮಾಂಸ ಹೇಗಿರುತ್ತದೆ ಅಂತ ಲೆಕ್ಕ ಹಾಕುವ 'ಎ ಲಿಟಲ್ ಪ್ರೀಸ್ಟ್' ಬಂದಾಗ ಪುಸ್ತಕ ತೆರೆಯಿರಿ. ಒಂದು ಕಣ್ಣು ಸಾಲಿನ ಮೇಲೆ, ಇನ್ನೊಂದು ಪಕ್ಕದ ಟಿಪ್ಪಣಿಯ ಮೇಲೆ. ಎರಡನೇ ಸಂಪುಟವನ್ನು ಯಾರಾದರೂ ಎರವಲು ಕೊಟ್ಟರೆ ಬೇಡ ಅನ್ನಬೇಡಿ. ದುಡ್ಡು ಕೊಟ್ಟು ಕೊಳ್ಳುವ ಅವಸರ ಇಲ್ಲ.